ಅರವತ್ತಾರು ಎಂದು ಬರೆದಿದ್ದ ಚಿಪ್

ನಮ್ಮ ಶೆಡ್ಡಿನಲ್ಲಿ ಚಪ್ಪಲಿ ಬಿಟ್ಟು ಹೋಗಬೇಕಾಗಿದ್ದ ಜಾಗಗಳು ಎರಡೇ. ಒಂದು, ಗೋಡೆಯ ಗೂಡಿನಲ್ಲಿದ್ದ ದೇವರ ಪಟದ ಮುಂದಿನ ನಾಲ್ಕಡಿ. ಇನ್ನೊಂದು, ಕಂಪ್ಯೂಟರ್ ಕೋಣೆ. ಪ್ಲೈವುಡ್ಡಿಗೆ ಗಾಜು ಕೂರಿಸಿ ಮಾಡಿದ ಆ ಕೋಣೆಯ ಬಾಗಿಲಲ್ಲಿ ಒಂದು ಗೋಣಿಚೀಲ ಹಾಸಿರುತ್ತಿತ್ತು. ಯಜಮಾನರೇ ಬಂದರೂ ಬೂಟು ಬಿಚ್ಚಿ, ಕಾಲು ಒರೆಸಿ ಒಳಗೆ ಕಾಲಿಡುತ್ತಿದ್ದರು. ಧೂಳು ಒಳಗೆ ಹೋದರೆ ಕಂಪ್ಯೂಟರ್ ಕೆಡುತ್ತದೆ ಎಂದು ಮಾರಿದವನು ಹೇಳಿದ್ದನಂತೆ. ಆದರೆ ಅದೇ ಕೋಣೆಯ ಕಿಟಕಿ ಗ್ರೈಂಡಿಂಗ್ ಮಷಿನ್ನಿನ ಕಡೆಗೆ ತೆರೆದುಕೊಂಡಿತ್ತು. ಸೆಕೆ ತಡೆಯಲಾರದೆ ಅದನ್ನು ದಿನವಿಡೀ ತೆರೆದೇ ಇಡುತ್ತಿದ್ದರು. ಇದು ನಮ್ಮಲ್ಲಿ ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ನನಗೂ ಅನ್ನಿಸಿರಲಿಲ್ಲ.

ತೊಂಬತ್ತಾರನೆಯ ಇಸವಿ. ಪೀಣ್ಯ ಎರಡನೇ ಹಂತದಲ್ಲಿ ಹದಿನಾಲ್ಕು ಜನರ ಶೆಡ್ಡು ನಮ್ಮದು. ದೊಡ್ಡ ಕಾರ್ಖಾನೆಗಳಲ್ಲಿ ಬಿಡಿಭಾಗಗಳನ್ನು ಅಲುಗದಂತೆ ಹಿಡಿದು ತೂತು ಕೊರೆಯಲು ಬೇಕಾಗುವ ಉಕ್ಕಿನ ಫಿಕ್ಸ್ಚರ್‌ಗಳನ್ನು ಮಾಡಿಕೊಡುತ್ತಿದ್ದೆವು. ನಾನು ಅಲ್ಲಿಯ ಎಲೆಕ್ಟ್ರಿಷಿಯನ್. ಮೋಟಾರು, ಸ್ಟಾರ್ಟರು, ಸೀಲಿಂಗ್ ಫ್ಯಾನು, ವೈರ್ ಇರುವುದೆಲ್ಲ ನನ್ನ ಪಾಲಿಗೆ ಬರುತ್ತಿತ್ತು, ಹಾಗಾಗಿ ಕಂಪ್ಯೂಟರೂ ಬಂತು. ನೆಲಗದರನಹಳ್ಳಿಯ ಮನೆಯಲ್ಲಿ ನನ್ನಜ್ಜಿ ಅದನ್ನು ಲೆಕ್ಕದ ಪೆಟ್ಟಿಗೆ ಎನ್ನುತ್ತಿದ್ದಳು. “ಇವತ್ತು ನಿನ್ನ ಲೆಕ್ಕದ ಪೆಟ್ಟಿಗೆ ಉಂಡಿತೇನ್ಲಾ?” ಎಂದು ಸಂಜೆ ಕೇಳುವಳು, ಹಸುವಿನ ಯೋಗಕ್ಷೇಮ ಕೇಳಿದ ಹಾಗೆ.

ಅದರ ಮುಂದೆ ಕೂರುತ್ತಿದ್ದವರು ನಮ್ಮ ಡ್ರಾಫ್ಟ್ಸ್‌ಮನ್. ಅಕ್ಷರ ಮುತ್ತಿನ ಹಾಗಿತ್ತೆಂದು ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ದಾವಣಗೆರೆ ಕಡೆಯವರು, ಐವತ್ತೆರಡು ವಯಸ್ಸು, ಹಣೆಯ ಮೇಲೆ ತೆಳುವಾದ ವಿಭೂತಿ. ಇಪ್ಪತ್ತೈದು ವರ್ಷ ಹಲಗೆಯ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆದವರು ನಲವತ್ತೆಂಟನೆಯ ವಯಸ್ಸಿನಲ್ಲಿ ಒಂದೇ ಬೆರಳಿನಿಂದ ಕೀಬೋರ್ಡ್ ಕಲಿತಿದ್ದರು. ಒಂದು ಅಭ್ಯಾಸ ಮಾತ್ರ ಬಿಟ್ಟಿರಲಿಲ್ಲ. ವೃತ್ತದ ಮೇಲೆ ಸಮನಾಗಿ ಬರಬೇಕಾದ ತೂತುಗಳ ಅಳತೆ ಲೆಕ್ಕ ಹಾಕಲು ನಾನೊಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ವೃತ್ತದ ವ್ಯಾಸ, ತೂತುಗಳ ಸಂಖ್ಯೆ ಕೊಟ್ಟರೆ ಸಾಕು, ಪ್ರತಿ ತೂತು ಅಡ್ಡ ಎಷ್ಟು, ಉದ್ದ ಎಷ್ಟು ಎಂದು ಪಟ್ಟಿ ಅಚ್ಚಾಗಿ ಬರುತ್ತಿತ್ತು. ಮೇಷ್ಟ್ರು ಆ ಪಟ್ಟಿಯನ್ನು ಹಾಗೆಯೇ ಕೊಡುತ್ತಿರಲಿಲ್ಲ. ಕಂದು ಕಾಗದದ ರಟ್ಟು ಹಾಕಿದ ಲಾಗ್ ಟೇಬಲ್ ಪುಸ್ತಕ ತೆಗೆದು, ಹಳೆಯ ಪ್ರಿಂಟಿನ ಬೆನ್ನಿನ ಮೇಲೆ ಪ್ರತಿ ತೂತನ್ನೂ ಕೈಯಿಂದ ಲೆಕ್ಕ ಹಾಕಿ, ತಾಳೆ ನೋಡಿ, ಮೂಲೆಯಲ್ಲಿ ಕೆಂಪು ಪೆನ್ಸಿಲ್‌ನಿಂದ ಒಂದು ಟಿಕ್ ಹಾಕುತ್ತಿದ್ದರು. ಅರ್ಧ ಗಂಟೆ ಹಿಡಿಯುತ್ತಿತ್ತು.

“ಅದು ತಪ್ಪು ಮಾಡಲ್ಲ ಮೇಷ್ಟ್ರೇ” ಎಂದರೆ, “ಲೆಕ್ಕ ಅದು ಮಾಡೈತಿ, ಖರೆ. ಸಹಿ ನಾ ಹಾಕಬೇಕಲ್ಲೋ ತಮ್ಮಾ” ಎನ್ನುವರು.

ಹೊಸೂರಿನ ಕಡೆಯ ಒಂದು ದೊಡ್ಡ ಕಂಪನಿಯಿಂದ ನಮಗೆ ಕೆಲಸ ಸಿಗುವ ಸೂಚನೆ ಬಂದಾಗ ಈ ಕಥೆ ಶುರುವಾಯಿತು. ಅವರು ಡ್ರಾಯಿಂಗ್‌ಗಳನ್ನು ಕಾಗದದಲ್ಲಿ ಕಳಿಸದೆ ಆರು ಫ್ಲಾಪಿಗಳಲ್ಲಿ ಕಳಿಸಿದರು, ಹೊಸ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು. ನಮ್ಮ ಯಂತ್ರದಲ್ಲಿ ಒಂದೂ ತೆರೆಯಲಿಲ್ಲ. ಯಜಮಾನರು ಬೂಟು ಬಿಚ್ಚಿ ಒಳಗೆ ಬಂದರು.

“ಏನಪ್ಪಾ, ತೆಗೀತಿಲ್ವಂತೆ?”

“ಇಲ್ಲ ಸಾರ್. ನಮ್ಮದು ನಾನೂರ ಎಂಬತ್ತಾರು, ಎಸ್‌ಎಕ್ಸ್ ಇಪ್ಪತ್ತೈದು. ದೊಡ್ಡ ಗಣಿತ ಮಾಡೋ ಭಾಗ ಈ ಪ್ರಾಸೆಸರ್‌ನಲ್ಲಿ ಇಲ್ಲ. ಹೊಸ ಸಾಫ್ಟ್‌ವೇರ್‌ಗೆ ಅದು ಇರ್ಲೇಬೇಕು.”

“ಹೊಸಾ ಕಂಪ್ಯೂಟರ್ ಎಷ್ಟಾಗತ್ತೆ?”

“ಅರವತ್ತು ಸಾವಿರದ ಮೇಲೆ ಸಾರ್.”

ಅವರು ಕಿಟಕಿಯ ಆಚೆ ನೋಡಿದರು. ಆಮೇಲೆ, ಮೇಷ್ಟ್ರು ಪಕ್ಕದಲ್ಲೇ ಕುಳಿತಿದ್ದಾರೆ ಅನ್ನುವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, “ರಾಜಾಜಿನಗರದಲ್ಲಿ ಒಬ್ಬ ಶೀಟಿಗಿಷ್ಟು ಅಂತ ಡ್ರಾಯಿಂಗ್ ಮಾಡ್ಕೊಡ್ತಾನೆ. ಅವನಿಗೇ ಕೊಟ್ಬಿಟ್ರೆ ಈ ರೂಮೂ ಉಳಿಯತ್ತೆ, ಈ ಸಂಬಳಾನೂ ಉಳಿಯತ್ತೆ” ಎಂದರು.

ಮೇಷ್ಟ್ರು ಪೆನ್ಸಿಲ್ಲಿನ ಮೊನೆ ನೋಡಿಕೊಂಡು ಕುಳಿತಿದ್ದರು. ಪೀಣ್ಯದಲ್ಲಿ ಆಗ ಡಿಪ್ಲೊಮಾ ಮುಗಿಸಿದ ಹುಡುಗರು ಬೀದಿಗೆ ಹತ್ತು ಜನ ಸಿಗುತ್ತಿದ್ದರು. ಐವತ್ತು ದಾಟಿದ ಡ್ರಾಫ್ಟ್ಸ್‌ಮನ್‌ನನ್ನು ಯಾವ ಶೆಡ್ಡಿನವರೂ ಹೊಸದಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ನನ್ನ ಬಾಯಿಂದ ಮಾತು ತಾನಾಗಿ ಬಂದುಬಿಟ್ಟಿತು.

“ಸಾರ್, ಪ್ರಾಸೆಸರ್ ಒಂದನ್ನೇ ಬದಲಾಯಿಸ್ಬಹುದು. ಡಿಎಕ್ಸ್‌ಟೂ ಅರವತ್ತಾರು ಅಂತ ಬರತ್ತೆ, ಇದೇ ಸಾಕೆಟ್‌ನಲ್ಲಿ ಕೂರತ್ತೆ. ಅದರೊಳಗೆ ಗಣಿತದ ಭಾಗ ಇದೆ.”

“ಎಷ್ಟು?”

“ಐದು ಸಾವಿರದೊಳಗೆ ಮಾಡ್ತೀನಿ.”

“ಐದರ ಮೇಲೆ ಒಂದು ರೂಪಾಯಿ ಕೇಳ್ಬೇಡ. ಹದಿನೈದು ದಿನಕ್ಕೆ ಅವರ ಇಂಜಿನಿಯರ್ ಬರ್ತಾರೆ. ಅವತ್ತು ಅವರ ಮುಂದೆ ತೆಗೀಬೇಕು. ಇಲ್ಲಾಂದ್ರೆ ರಾಜಾಜಿನಗರ.” ಎದ್ದು ಹೋಗುವಾಗ ಅವರು ಕಂಪನಿಯವರು ಕಳಿಸಿದ್ದ ಫಾರಂ ತುಂಬಿದರು. ಕಂಪ್ಯೂಟರ್ ಯಾವುದು ಎಂಬ ಜಾಗದಲ್ಲಿ ನನ್ನನ್ನು ಕೇಳಿಯೇ ಡಿಎಕ್ಸ್‌ಟೂ ಅರವತ್ತಾರು ಎಂದು ಬರೆದರು. ಚಿಪ್ ಇನ್ನೂ ಅಂಗಡಿಯಲ್ಲಿತ್ತು.

ಕಂಪ್ಯೂಟರ್ ಬಿಡಿಭಾಗ ಮಾರುವ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ಮೂರು ದಿನ ಅಲೆದೆ. ಹೊಸ ಚಿಪ್ಪಿಗೆ ನನ್ನ ಹತ್ತಿರವಿದ್ದ ಹಣ ಸಾಲುತ್ತಿರಲಿಲ್ಲ. ಕೊನೆಗೆ ಮಾಳಿಗೆ ಮೇಲಿನ ಒಂದು ಇಕ್ಕಟ್ಟಿನ ಅಂಗಡಿಯಲ್ಲಿ ನಾಲ್ಕು ಸಾವಿರಕ್ಕೆ ಸಿಕ್ಕಿತು. ಅಂಗಡಿಯವನು ಮಾತಿನ ಮಲ್ಲ. ಚಿಪ್ಪನ್ನು ಅಂಗೈ ಮೇಲೆ ಇಟ್ಟುಕೊಂಡು, “ನೋಡು ಗುರು, ಹಳೇ ಮಷಿನ್ನಿಂದ ಬಿಚ್ಚಿದ ಮಾಲು, ಆದ್ರೆ ಮದುಮಗಳ ಥರ ಇಟ್ಕೊಂಡಿದೀನಿ. ಅರವತ್ತಾರು ಅಂತ ಬರ್ದಿದೆ, ಓದ್ಕೋ” ಎಂದ. ಓದಿಕೊಂಡೆ. ಬಿಳಿ ಅಕ್ಷರ, ಅಚ್ಚುಕಟ್ಟಾಗಿತ್ತು. ಒಂದು ತಿಂಗಳ ಗ್ಯಾರಂಟಿ ಎಂದು ಚೀಟಿಯ ಹಿಂದೆ ಬರೆದುಕೊಟ್ಟ.

ನಮ್ಮ ಮದರ್‌ಬೋರ್ಡ್ ಹಳೆಯದು. ಚಿಪ್ಪನ್ನು ಎತ್ತಲು ಈಗಿನ ಹಾಗೆ ಸನ್ನೆಕೋಲು ಇರಲಿಲ್ಲ. ನೂರ ಅರವತ್ತೆಂಟು ಕಾಲುಗಳು ಸಾಕೆಟ್ಟನ್ನು ಬಿಗಿಯಾಗಿ ಕಚ್ಚಿಕೊಂಡಿದ್ದವು. ಸ್ಕ್ರೂಡ್ರೈವರ್ ಹಾಕಿ ಒಂದು ಕಡೆ ಮೀಟಿದರೆ ಇನ್ನೊಂದು ಕಡೆಯ ಕಾಲುಗಳು ಮಡಚಿಕೊಳ್ಳುತ್ತವೆ. ನಮ್ಮ ಫಿಟ್ಟರ್ ಅಣ್ಣ ಬಾಗಿಲಲ್ಲಿ ನಿಂತು ಇದನ್ನು ನೋಡುತ್ತಿದ್ದ. ಆನೇಕಲ್ ಕಡೆಯವನು, ಶೆಡ್ಡಿಗೆಲ್ಲ ಹಿರಿಯ ಕೈ. ಜಿಗ್ ಬೋರಿಂಗ್ ಮಷಿನ್, ಅಂದರೆ ತೂತುಗಳನ್ನು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಕೊರೆಯುವ ಯಂತ್ರ, ಅದರ ಮೇಲೂ ಅವನೇ.

“ಏನ್ಲಾ ಅದು, ಬಿಸ್ಕತ್ತಿದ್ದಂಗೈತೆ. ಮೀಟಬ್ಯಾಡ, ತಡಿ” ಎಂದು ಹೋಗಿ ತನ್ನ ಫೀಲರ್ ಗೇಜ್ ತಂದ. ಸಂದುಗಳ ಅಳತೆ ನೋಡುವ ಉಕ್ಕಿನ ತೆಳು ಎಲೆಗಳ ಕಟ್ಟು ಅದು. ನಾಲ್ಕು ಕಡೆಯಿಂದಲೂ ಒಂದೊಂದು ಎಲೆ ತೂರಿಸಿ, ಪ್ರತಿ ಸುತ್ತಿನಲ್ಲೂ ಒಂದೊಂದು ದಪ್ಪ ಏರಿಸುತ್ತ ಹೋದ. ಇಪ್ಪತ್ತು ನಿಮಿಷಕ್ಕೆ ಚಿಪ್ ಹೆರಿಗೆಯಾದ ಹಾಗೆ ಮೇಲೆ ಬಂತು. ಒಂದು ಕಾಲೂ ಮಡಚಿರಲಿಲ್ಲ. ಮೇಷ್ಟ್ರು, “ಇನ್ನ ಚಾ ಕುಡಿಯೋಣು” ಎಂದರು.

ಹೊಸದನ್ನು ಕೂರಿಸಿದೆ. ಒಂದು ಮೂಲೆ ಕತ್ತರಿಸಿದಂತಿರುವ ಕಡೆ ಯಾವುದೆಂದು ಮೂರು ಸಲ ನೋಡಿಯೇ ಒತ್ತಿದೆ. ಸ್ವಿಚ್ ಹಾಕಿದರೆ ಪರದೆ ಕಪ್ಪು. ಮರುದಿನವೆಲ್ಲ ಅದಕ್ಕೇ ಹೋಯಿತು. ಬೋರ್ಡಿನ ಪುಸ್ತಕ ಯಾವತ್ತೋ ಕಳೆದುಹೋಗಿತ್ತು. ಕೊನೆಗೆ ಬ್ರಷ್ಷಿನಿಂದ ಧೂಳು ಹೊಡೆದು ಭೂತಗನ್ನಡಿ ಹಿಡಿದರೆ, ಬೋರ್ಡಿನ ಮೇಲೇ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಜಂಪರ್‌ಗಳ ಪಟ್ಟಿ ಇತ್ತು. ಜಂಪರ್ ಅಂದರೆ ಎರಡು ತಂತಿ ಮೊನೆಗಳನ್ನು ಸೇರಿಸುವ ಪುಟ್ಟ ಟೋಪಿ, ಜೋಳದ ಕಾಳಿಗಿಂತ ಚಿಕ್ಕದು. ಅದನ್ನು ಎಲ್ಲಿ ಕೂರಿಸಿದ್ದೇವೆ ಎಂಬುದರ ಮೇಲೆ ಬೋರ್ಡು ನಡೆಯುತ್ತದೆ. ಮೂರನ್ನು ಎಸ್‌ಎಕ್ಸ್‌ನಿಂದ ಡಿಎಕ್ಸ್‌ಗೆ ಸರಿಸಿದೆ. ಉಳಿದದ್ದು ಒಂದು, ವೇಗದ್ದು: ಇಪ್ಪತ್ತೈದು ಅಥವಾ ಮೂವತ್ತಮೂರು. ಬೋರ್ಡಿನ ವೇಗದ ಎರಡರಷ್ಟು ಚಿಪ್ಪಿನದು. ಇಪ್ಪತ್ತೈದಕ್ಕೆ ಇಟ್ಟರೆ ಐವತ್ತು, ಮೂವತ್ತಮೂರಕ್ಕೆ ಇಟ್ಟರೆ ಅರವತ್ತಾರು. ಮೂವತ್ತಮೂರಕ್ಕೆ ಇಟ್ಟೆ.

ಪರದೆ ಬೆಳಗಿತು. ಮೊದಲ ಫ್ಲಾಪಿ ಹಾಕಿದೆವು. ಡ್ರಾಯಿಂಗ್ ಗೆರೆಗೆರೆಯಾಗಿ ಮೂಡಿತು. ಮೇಷ್ಟ್ರು ಪರದೆಯ ಹತ್ತಿರ ಮುಖ ತಂದು, “ಆಹಾ, ಎಷ್ಟ ಚಂದ ಬರದಾರ ನೋಡು” ಎಂದರು. ಅವರಿಗೆ ಆ ಗಳಿಗೆಯಲ್ಲೂ ಕಂಡದ್ದು ಇನ್ನೊಬ್ಬ ಡ್ರಾಫ್ಟ್ಸ್‌ಮನ್ನಿನ ಕೆಲಸ.

ಇಪ್ಪತ್ತು ನಿಮಿಷಕ್ಕೆ ಯಂತ್ರ ಕಲ್ಲಾಯಿತು. ಕೀಲಿ ಒತ್ತಿದರೆ ಮಾತಿಲ್ಲ. ಆರಿಸಿ ಹಚ್ಚಿದರೆ ಮತ್ತೆ ಹದಿನೈದು ನಿಮಿಷ. ಚಿಪ್ ಮುಟ್ಟಿ ನೋಡಿದೆ, ಬೆರಳು ಚುರ್ ಎಂದಿತು.

ಕಾವು ಹೀರಲು ಮೇಲೊಂದು ಅಲ್ಯುಮಿನಿಯಮ್ ಹಲ್ಲಿನ ಬಿಲ್ಲೆ ಬೇಕು. ಅಂಗಡಿಗೆ ಓಡುವುದೇಕೆ, ನಮ್ಮದೇ ಟೂಲ್ ರೂಮ್ ಇದೆಯಲ್ಲ. ಫಿಟ್ಟರ್ ಅಣ್ಣ ಗುಜರಿ ತುಂಡೊಂದನ್ನು ಮಿಲ್ಲಿಂಗ್‌ಗೆ ಹಾಕಿ, ಬಾಚಣಿಗೆಯಂತೆ ಹಲ್ಲು ಕೊರೆದು, ಅಡಿಯನ್ನು ಕನ್ನಡಿಯಂತೆ ನುಣುಪು ಮಾಡಿ ತಂದ. ಅಲ್ಲಿಗೆ ಬಿಡುವ ಜೀವವಲ್ಲ ಅವನದು. ಎರಡು ಮುಖಗಳು ಒಂದಕ್ಕೊಂದು ಪೂರ್ತಿ ಕೂರುತ್ತವೆಯೋ ಎಂದು ನೋಡಲು ಟೂಲ್ ರೂಮಿನವರು ಒಂದಕ್ಕೆ ನೀಲಿ ಬಣ್ಣವನ್ನು ತೆಳ್ಳಗೆ ಸವರಿ ಇನ್ನೊಂದರ ಮೇಲೆ ಇಟ್ಟು ತೆಗೆಯುತ್ತಾರೆ. ತಾಕಿದ ಕಡೆಯಲ್ಲೆಲ್ಲ ನೀಲಿ ಹತ್ತುತ್ತದೆ. ಉಕ್ಕಿಗೆ ಮಾಡುವುದನ್ನೇ ಅವನು ಚಿಪ್ಪಿಗೂ ಮಾಡಿದ. ಪ್ರಪಂಚದಲ್ಲಿ ಬೇರೆ ಯಾರೂ ಕಂಪ್ಯೂಟರ್ ಚಿಪ್ಪಿಗೆ ನೀಲಿ ಹಚ್ಚಿ ನೋಡಿರಲಾರರು.

ನೀಲಿ ಹತ್ತಿದ್ದು ಮಧ್ಯದಲ್ಲಿ ಒಂದು ರೂಪಾಯಿ ಅಗಲಕ್ಕೆ ಮಾತ್ರ. ಅಂಚುಗಳು ಬೋಳು.

“ನನ್ನ ಬಿಲ್ಲೆ ಸರಿಯಾಗೈತೆ” ಎಂದ ಅವನು. “ನಿನ್ನ ಬಿಸ್ಕತ್ತೇ ಗುಬ್ಬಾಗೈತೆ. ಯಾವನೋ ಅಂಚನ್ನ ಉಜ್ಜವ್ನೆ.” ಥಿನ್ನರ್ ಅದ್ದಿದ ಬಟ್ಟೆಯಿಂದ ನೀಲಿಯನ್ನು ಒರೆಸಿದ. ನೀಲಿಯ ಜೊತೆ ಬಿಳಿಯೂ ಬಟ್ಟೆಗೆ ಬಂತು. ಅರವತ್ತಾರು ಅನ್ನುವ ಅಕ್ಷರ ಒರೆಸಿಹೋಗಿತ್ತು. ಅಡಿಯಲ್ಲಿ ಸಣ್ಣ ಸಣ್ಣ ಗೀರು, ಒಂದೇ ದಿಕ್ಕಿಗೆ. ಅವನು ಬೆಳಕಿಗೆ ಹಿಡಿದು ನೋಡಿದ. “ಎಮರಿ ಪೇಪರ್ ಒಡ್ದವ್ರೆ ಕಣ್ಲಾ. ಅಳೇ ಎಸರು ಉಜ್ಜಾಕಿ ಒಸಾ ಎಸರು ಬರ್ದವ್ರೆ.”

ಆ ಹೊತ್ತಿಗೆ ಮೇಷ್ಟ್ರು ಊಟಕ್ಕೆ ಹೋಗಿದ್ದರು. ಕೋಣೆಯಲ್ಲಿದ್ದವರು ನಾವಿಬ್ಬರೇ.

ಮರುದಿನ ಅಂಗಡಿಯವನ ಮುಂದೆ ಚಿಪ್ ಇಟ್ಟೆ. ಅವನಿಗೆ ಕೋಪ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. “ಅಕ್ಷರಾನೇ ಇಲ್ಲದ ಚಿಪ್ಪನ್ನ ನಂದು ಅಂತ ಹೆಂಗ್ ಒಪ್ಕೊಳ್ಲಿ ಗುರು? ಗ್ಯಾರಂಟಿ ಅಕ್ಷರಕ್ಕೆ.” ಆಮೇಲೆ ನನ್ನ ಮುಖ ನೋಡಿ ಸ್ವಲ್ಪ ಕರಗಿದವನಂತೆ ಮುಂದೆ ಬಾಗಿದ. “ನಾಲ್ಕು ಸಾವಿರಕ್ಕೆ ಅರವತ್ತಾರು ಎಲ್ಲಿ ಸಿಗತ್ತೆ ಹೇಳು. ಅದು ಐವತ್ತೇ. ಒಳ್ಳೇ ಫ್ಯಾನ್ ಹಾಕು, ಅರವತ್ತಾರಕ್ಕೆ ಓಡತ್ತೆ. ಊರಲ್ಲೆಲ್ಲ ಓಡಿಸ್ತಿಲ್ವಾ?” ಒಂದು ಪುಟ್ಟ ಫ್ಯಾನನ್ನೂ ಅಲ್ಲೇ ಮಾರಿದ. ನಾನು ಕೊಂಡೆ.

ಶೆಡ್ಡಿಗೆ ಬಂದು ಜಂಪರನ್ನು ಇಪ್ಪತ್ತೈದಕ್ಕೆ ಇಟ್ಟು ಒಂದು ದಿನ ಓಡಿಸಿದೆ. ಬಿಲ್ಲೆಯಿಲ್ಲ, ಫ್ಯಾನಿಲ್ಲ, ಆದರೂ ಯಂತ್ರ ಎಲ್ಲೂ ನಿಲ್ಲಲಿಲ್ಲ. ಚಿಪ್ ಕರುವಿನ ಮೂತಿಯಷ್ಟು ಬೆಚ್ಚಗಿತ್ತು. ಎಲ್ಲ ಫ್ಲಾಪಿಗಳೂ ತೆರೆದವು, ಏನೋ ಒಂದಷ್ಟು ನಿಧಾನ. ದೊಡ್ಡ ಡ್ರಾಯಿಂಗ್ ಮೂಡಲು ನಾಲ್ಕು ನಿಮಿಷ, ಅರವತ್ತಾರರಲ್ಲಿ ಮೂರು. ಅಷ್ಟೇ ವ್ಯತ್ಯಾಸ. ಅಲ್ಲಿಗೇ ನಿಲ್ಲಿಸಿ, ಯಜಮಾನರ ಹತ್ತಿರ ಹೋಗಿ, ಸಾರ್, ಮೋಸ ಹೋದೆ, ಇದು ಐವತ್ತು, ಆದರೆ ಕೆಲಸ ನಡೆಯುತ್ತದೆ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಬೈಯುತ್ತಿದ್ದರು, ಅಷ್ಟೇ. ಆದರೆ ಫಾರಂನಲ್ಲಿ ಅರವತ್ತಾರು ಎಂದಿತ್ತು. ಐವತ್ತು ಎಂದರೆ ರಾಜಾಜಿನಗರದ ಮಾತು ಮತ್ತೆ ಎದ್ದೀತು, ಮೇಷ್ಟ್ರ ಕೆಲಸಕ್ಕೆ ಕುತ್ತು ಬಂದೀತು ಎಂದು ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ಅರ್ಧ ನಿಜ. ಉಳಿದ ಅರ್ಧ, ನಾನು ಮೋಸ ಹೋದವನೆಂದು ಹದಿನಾಲ್ಕು ಜನರ ಮುಂದೆ ಅನ್ನಿಸಿಕೊಳ್ಳಲು ಇಷ್ಟವಿರಲಿಲ್ಲ.

ಬಿಲ್ಲೆಯ ಅಡಿಗೆ ಬಿಳಿ ಪೇಸ್ಟ್ ದಪ್ಪವಾಗಿ ಹಚ್ಚಿ ಸಂದು ತುಂಬಿದೆ. ಮೇಲೆ ಫ್ಯಾನ್ ಬಿಗಿದೆ. ಜಂಪರನ್ನು ಮೂವತ್ತಮೂರಕ್ಕೆ ಸರಿಸಿದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಓಡಿತು. ಫಿಟ್ಟರ್ ಅಣ್ಣ ಬಂದು, “ಸರಿಯಾಯ್ತೇನ್ಲಾ?” ಎಂದು ಕೇಳಿದ. “ನಿನ್ನ ಬಿಲ್ಲೆ ಹಾಕಿದ್ಮೇಲೆ ಸರಿಯಾಯ್ತಣ್ಣ” ಎಂದೆ. ಅವನಿಗೆ ಹೆಮ್ಮೆಯಾಯಿತು. ಮೇಷ್ಟ್ರು ಕೇಳಿದಾಗಲೂ ಸರಿಯಾಯ್ತು ಎಂದಷ್ಟೇ ಹೇಳಿದೆ. ಐವತ್ತು ಅನ್ನುವ ಮಾತನ್ನು ಅವರ ಮುಂದೆ ಎತ್ತಲಿಲ್ಲ.

ಕಂಪನಿಯ ಇಂಜಿನಿಯರ್ ಹೇಳಿದ ದಿನಕ್ಕೆ ಬಂದರು. ಚಪ್ಪಲಿ ಬಿಡುವ ಪದ್ಧತಿ ನೋಡಿ ನಕ್ಕರು, ಆದರೂ ಬೂಟು ಬಿಚ್ಚಿದರು. ಡ್ರಾಯಿಂಗ್ ತೆರೆಯಿತು. ಅವರು ಹೇಳಿದ ಬದಲಾವಣೆಯನ್ನು ಮೇಷ್ಟ್ರು ಅಲ್ಲೇ ಮಾಡಿ ತೋರಿಸಿದರು. ಹನ್ನೊಂದು ತೂತುಗಳ ಒಂದು ವೃತ್ತಕ್ಕೆ ಪಟ್ಟಿ ತೆಗೆಯಿರಿ ಎಂದರು ಇಂಜಿನಿಯರ್, ಅಚ್ಚಾಗಿ ಬಂತು. ಮೇಷ್ಟ್ರು ಅಭ್ಯಾಸದಂತೆ ಲಾಗ್ ಟೇಬಲ್ ಪುಸ್ತಕಕ್ಕೆ ಕೈ ಹಾಕಿದರು.

“ಇದೇನ್ ಮಾಡ್ತಿದಾರೆ?” ಎಂದರು ಇಂಜಿನಿಯರ್.

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: “ಹಳೇ ಅಭ್ಯಾಸ ಸಾರ್. ಮುಂಚೆ ಗಣಿತದ ಭಾಗ ಇರ್ಲಿಲ್ಲ. ಈಗ ಇದೆ, ಕೈಲೆಕ್ಕ ಬೇಕಾಗಿಲ್ಲ.”

ಯಜಮಾನರು ನಕ್ಕರು. “ಕೇಳಿದ್ರಾ ಮೇಷ್ಟ್ರೇ. ನಾಳೆಯಿಂದ ಆ ಅರ್ಧ ಗಂಟೆ ಉಳೀತು. ಪುಸ್ತಕ ಒಳಗಿಡಿ.”

ಮೇಷ್ಟ್ರು ನನ್ನ ಕಡೆ ನೋಡಿದರು. ಸಿಟ್ಟಿನ ನೋಟವಲ್ಲ, ಕೇಳುವ ನೋಟ. ನಾನು ಈ ಯಂತ್ರದ ವಿಷಯ ಬಲ್ಲವನು, ನಾನು ಬೇಡ ಎಂದರೆ ಬೇಡವೇ ಇರಬೇಕು ಎಂಬ ನಂಬಿಕೆ ಅದರಲ್ಲಿತ್ತು. ಪುಸ್ತಕವನ್ನು ಡ್ರಾಯರಿನೊಳಗೆ ಇಟ್ಟರು. ಕೆಲಸ ನಮಗೆ ಸಿಕ್ಕಿತು.

ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಎಂಟು ಡ್ರಾಯಿಂಗ್‌ಗಳು ಹೋದವು. ಒಂಬತ್ತನೆಯದು ಹನ್ನೊಂದು ತೂತಿನ ದೊಡ್ಡ ತಟ್ಟೆ. ಉಕ್ಕು ಕಂಪನಿಯವರದೇ, ವಿಶೇಷವಾಗಿ ತರಿಸಿದ್ದು, ಕೊರೆಯಲು ನಮ್ಮ ಶೆಡ್ಡಿಗೆ ಒಂದೇ ತಟ್ಟೆ ಬಂದಿತ್ತು. ಏಪ್ರಿಲ್ ತಿಂಗಳ ಮಧ್ಯಾಹ್ನ ಮೇಷ್ಟ್ರು ಪಟ್ಟಿ ತೆಗೆದುಕೊಟ್ಟರು. ಫಿಟ್ಟರ್ ಅಣ್ಣ ಒಂದೂವರೆ ದಿನ ಕೂತು ಕೊರೆದ. ಕಂಪನಿಯವರು ಮೊದಲೇ ಕೊರೆದು ಕಳಿಸಿದ್ದ ಜೋಡಿ ತಟ್ಟೆಯನ್ನು ಮೇಲಿಟ್ಟು ಪಿನ್ನುಗಳನ್ನು ಇಳಿಸುವಾಗ ಆರು ಇಳಿದವು, ಏಳನೆಯದು ಇಳಿಯಲಿಲ್ಲ. ಎಂಟರಿಂದ ಮತ್ತೆ ಎಲ್ಲವೂ ಸರಿ. ಏಳನೆಯ ತೂತು ಒಂದೂವರೆ ಮಿಲಿಮೀಟರ್ ಆಚೆಗೆ ಬಿದ್ದಿತ್ತು. ಅವನು ತನ್ನ ಯಂತ್ರದ ಅಳತೆಯನ್ನು ಪಟ್ಟಿಯ ಜೊತೆ ಹೋಲಿಸಿದ. ಪಟ್ಟಿಯಲ್ಲಿ ಇದ್ದಂತೆಯೇ ಕೊರೆದಿದ್ದ.

ಯಜಮಾನರು ಎಲ್ಲರ ಮುಂದೆ ಮೇಷ್ಟ್ರನ್ನು ಕರೆದರು. ಗ್ರೈಂಡಿಂಗ್ ನಿಂತಿತು.

“ಕಣ್ಣು ಕಾಣಲ್ವೇನ್ರೀ? ಏನ್ ಒತ್ತಿದ್ರಿ ಅದರಲ್ಲಿ?”

“ವ್ಯಾಸ ಒತ್ತೀನಿ, ಹನ್ನೊಂದು ಅಂತ ಒತ್ತೀನಿ ಸಾರ್. ಪ್ರಿಂಟ್ ಬಂದಂಗ ಕೊಟ್ಟೀನಿ.”

“ಹತ್ತು ಸರಿ ಬಂದು ಒಂದು ತಪ್ಪು ಬರೋಕೆ ಅದೇನು ಮನುಷ್ಯಾನಾ? ನಿಮ್ಮ ಕೈ ಎಲ್ಲೋ ತಪ್ಪಿದೆ. ವಯಸ್ಸಾಯ್ತು, ಒಪ್ಕೊಳ್ಳಿ.”

ಮೇಷ್ಟ್ರು ಪಟ್ಟಿಯ ಏಳನೆಯ ಸಾಲಿನ ಮೇಲೆ ಬೆರಳಿಟ್ಟು ನೋಡಿದರು. ಟೆಸ್ಟರ್ ಹಿಡಿದು ಅಲ್ಲೇ ನಾಲ್ಕಡಿ ದೂರದಲ್ಲಿ ನಿಂತಿದ್ದ ನಾನು ಚಿಪ್ಪಿನ ವಿಷಯ ಎತ್ತಲಿಲ್ಲ.

ಎಲ್ಲರೂ ಊಟಕ್ಕೆ ಹೋದ ಮೇಲೆ ಕಂಪ್ಯೂಟರಿನ ಮುಚ್ಚಳ ಬಿಚ್ಚಿದೆ. ಫ್ಯಾನ್ ತಿರುಗುತ್ತಿರಲಿಲ್ಲ. ಗ್ರೈಂಡಿಂಗ್ ಧೂಳು ಎಣ್ಣೆಯ ಜಿಡ್ಡಿನ ಜೊತೆ ಸೇರಿ ರೆಕ್ಕೆಗಳ ಬುಡದಲ್ಲಿ ಕಪ್ಪು ಹಿಟ್ಟಿನಂತೆ ಕಟ್ಟಿಕೊಂಡಿತ್ತು. ಎಷ್ಟು ದಿನದಿಂದ ನಿಂತಿತ್ತೋ. ಬಿಲ್ಲೆ ಮುಟ್ಟಲಾಗದಷ್ಟು ಕಾದಿತ್ತು. ಹಾಗೇ ಬಿಟ್ಟು ಹನ್ನೊಂದು ತೂತಿನ ಪಟ್ಟಿಯನ್ನು ಐದು ಸಲ ತೆಗೆದೆ. ನಾಲ್ಕು ಸಲ ಒಂದೇ ಉತ್ತರ, ಐದನೆಯ ಸಲ ಮೂರನೆಯ ತೂತಿನ ಅಳತೆ ಬೇರೆ. ಅಲ್ಲಿಗೆ ಗೊತ್ತಾಯಿತು. ಯಂತ್ರ ಕಲ್ಲಾಗದೆ, ಏನೂ ಆಗದ ಹಾಗೆ ಓಡುತ್ತಲೇ ನಡುವೆ ಒಂದು ಅಂಕಿ ಸುಳ್ಳು ಹೇಳುತ್ತಿತ್ತು. ಜಂಪರ್ ಇಪ್ಪತ್ತೈದಕ್ಕೆ ಸರಿಸಿ ಹತ್ತು ಸಲ ತೆಗೆದೆ. ಹತ್ತೂ ಒಂದೇ. ಬಿಸಿಯಲ್ಲಿ ಸುಳ್ಳಾದ ಒಂದು ಪಟ್ಟಿ, ತಣ್ಣಗೆ ಸರಿಬಂದ ಒಂದು ಪಟ್ಟಿ ಎರಡನ್ನೂ ಮಡಚಿ ಜೇಬಿಗೆ ಹಾಕಿಕೊಂಡೆ. ಫ್ಯಾನನ್ನು ಒರೆಸಿದೆ. ಜಂಪರನ್ನು ವಾಪಸ್ಸು ಮೂವತ್ತಮೂರಕ್ಕೆ ಇಟ್ಟೆ, ಯಾರಿಗೂ ಗೊತ್ತಾಗಬಾರದೆಂದು.

ಮೂರು ದಿನ ಆ ಕಾಗದಗಳು ನನ್ನ ಜೇಬಿನಲ್ಲೇ ಇದ್ದವು. ಮನೆಯಲ್ಲಿ ಅಜ್ಜಿ, “ಯಾಕ್ಲಾ, ಬಾಯಿಗೆ ಬೀಗ ಜಡ್ಕೊಂಡಿದ್ದೀಯ?” ಎಂದು ಕೇಳಿದಳು. ಏನಿಲ್ಲ ಎಂದೆ. ಭಯ, ಬೇರೇನಲ್ಲ.

ಶನಿವಾರ ಬೆಳಿಗ್ಗೆ, ಮೇಷ್ಟ್ರನ್ನು ಕೆಲಸದಿಂದ ತೆಗೆದಿದ್ದಾರೆ, ಅದೇ ಅವರ ಕೊನೆಯ ದಿನ ಎಂದು ಗೊತ್ತಾದಾಗ ಯಜಮಾನರ ಮೇಜಿನ ಮೇಲೆ ಎರಡೂ ಪಟ್ಟಿಗಳನ್ನು ಇಟ್ಟೆ. ಚಿಪ್ಪಿನ ಕಥೆ, ನೀಲಿ, ಅಂಗಡಿಯವನು, ಜಂಪರ್, ಫ್ಯಾನ್, ಎಲ್ಲ ಹೇಳಿದೆ. ಅವರು ತಡೆಯದೆ ಕೇಳಿದರು. ನನ್ನನ್ನು ಅಲ್ಲೇ ಮನೆಗೆ ಕಳಿಸುತ್ತಾರೆಂದು ಎಣಿಸಿದ್ದೆ.

“ಯಾರಿಗ್ಯಾರಿಗೆ ಹೇಳಿದೀಯ?”

“ಯಾರಿಗೂ ಇಲ್ಲ ಸಾರ್.”

“ಹೇಳ್ಬೇಡ. ಮನುಷ್ಯನ ತಪ್ಪು, ಅವರನ್ನ ತೆಗೆದ್ವಿ ಅಂತ ಕಂಪನಿಗೆ ಹೇಳಾಯ್ತು, ಅವರು ಸುಮ್ನಾದ್ರು. ಮಷಿನ್ ತಪ್ಪು ಅಂದ್ರೆ ಮುಂಚಿನ ಎಂಟು ಡ್ರಾಯಿಂಗೂ ವಾಪಸ್ ಬರತ್ತೆ. ಹದಿಮೂರು ಜನರ ಅನ್ನದ ಪ್ರಶ್ನೆ.” ಎರಡೂ ಕಾಗದಗಳನ್ನು ಡ್ರಾಯರಿಗೆ ಹಾಕಲು ಹೋದವರು, ಏನೆನ್ನಿಸಿತೋ, ನನ್ನ ಕಡೆಗೆ ತಳ್ಳಿದರು. “ಹರಿದು ಹಾಕು. ಸೋಮವಾರದಿಂದ ಆ ಕುರ್ಚೀಲಿ ನೀನೇ ಕೂತ್ಕೋ. ಮಷಿನ್ ನಿನಗೆ ಗೊತ್ತಲ್ಲ. ಏನೋ ಒಂದಿಷ್ಟು ಜಾಸ್ತಿ ಮಾಡ್ತೀನಿ.”

ನಾನು ಎರಡೂ ಕಾಗದಗಳನ್ನು ಎತ್ತಿಕೊಂಡು ಹೊರಗೆ ಬಂದೆ.

ಮೇಷ್ಟ್ರು ಕೋಣೆಯಲ್ಲಿ ಪೆನ್ಸಿಲ್‌ಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟುತ್ತಿದ್ದರು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಕಾಗದಗಳನ್ನು ಕೊಟ್ಟು ಅವರಿಗೂ ಎಲ್ಲ ಹೇಳಿದೆ. ಸೋಮವಾರದ ಕುರ್ಚಿಯ ಮಾತನ್ನೂ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಬ್ಯಾಗಿಗೆ ಹಾಕಿದ್ದ ಲಾಗ್ ಟೇಬಲ್ ಪುಸ್ತಕವನ್ನು ಹೊರಗೆ ತೆಗೆದು, ಕುಳಿತು, ಹನ್ನೊಂದು ತೂತುಗಳನ್ನೂ ಮೊದಲಿನಿಂದ ಲೆಕ್ಕ ಹಾಕಿದರು. ಅರ್ಧ ಗಂಟೆ. ನಾನು ಪಕ್ಕದಲ್ಲಿ ನಿಂತೇ ಇದ್ದೆ. ತಣ್ಣಗಿನ ಪಟ್ಟಿಯ ಮೂಲೆಯಲ್ಲಿ ಕೆಂಪು ಟಿಕ್ ಹಾಕಿದರು. ಇನ್ನೊಂದರಲ್ಲಿ ಮೂರನೆಯ ತೂತಿಗೆ ಸುತ್ತು ಹಾಕಿದರು.

“ಇದು ಐವತ್ತರದ್ದು ಅಂತ ನಿನಗ ಯಾವಾಗ ಗೊತ್ತಾತು?”

“ಫಿಟ್ಟರ್ ಅಣ್ಣ ನೀಲಿ ಹಚ್ಚಿದ ಮಾರನೇ ದಿನ.”

ಅವರು ಮನಸ್ಸಿನಲ್ಲೇ ದಿನ ಎಣಿಸಿದರು. ಇಂಜಿನಿಯರ್ ಬಂದದ್ದು ಅದಾದ ಮೇಲೆ.

“ನೀ ಅದನ್ನ ಎಷ್ಟರ ಮ್ಯಾಲ ಓಡಿಸಿದ್ರೂ ನನ್ನ ತಕರಾರಿಲ್ಲೋ ತಮ್ಮಾ. ನನಗೊಂದು ಮಾತ ಹೇಳಿದ್ದಿ ಅಂದ್ರ, ನಾ ತಾಳೆ ನೋಡೋದು ಬಿಡ್ತಿರಲಿಲ್ಲ. ಯಾರ ನಕ್ಕರೂ ಬಿಡ್ತಿರಲಿಲ್ಲ.”

ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡರು. ಬಾಗಿಲಲ್ಲಿ ಗೋಣಿಚೀಲದ ಪಕ್ಕ ಚಪ್ಪಲಿ ಮೆಟ್ಟಿಕೊಂಡು, ಎಲ್ಲರಿಗೂ ಕೈಮುಗಿದು, ಬಸ್ ಸ್ಟಾಪಿನ ಕಡೆ ನಡೆದರು. ನಾನು ಮುಚ್ಚಳ ಬಿಚ್ಚಿ ಜಂಪರನ್ನು ಇಪ್ಪತ್ತೈದಕ್ಕೆ ಸರಿಸಿದೆ. ಅದಕ್ಕೆ ಹಿಡಿದದ್ದು ಎರಡು ನಿಮಿಷ.

ಸೋಮವಾರ ನಾನು ಆ ಕುರ್ಚಿಯಲ್ಲಿ ಕುಳಿತೆ. ಯಂತ್ರ ನಿಧಾನವಾಗಿದೆ ಎಂದು ಯಾರೂ ಗಮನಿಸಲಿಲ್ಲ. ಮಧ್ಯಾಹ್ನ ಮೊದಲ ಪಟ್ಟಿ ತೆಗೆದು ಫಿಟ್ಟರ್ ಅಣ್ಣನಿಗೆ ಕೊಟ್ಟೆ. ಅವನು ಅಂಕಿಗಳನ್ನು ನೋಡುವ ಮೊದಲು ಕಾಗದದ ಮೂಲೆಯನ್ನು ನೋಡಿದ.

“ತಾಳೆ ನೋಡ್ದೋರ್ಯಾರು?”

“ಈಗ ತಪ್ಪು ಬರಲ್ಲಣ್ಣ. ಸರಿ ಮಾಡಿದೀನಿ.”

“ಬಿಲ್ಲೆ ಆಕ್ದಾಗ್ಲೂ ಸರಿಯಾಯ್ತು ಅಂದಿದ್ದೆ.”

ಲಾಗ್ ಟೇಬಲ್ ನೋಡಲು ನನಗೆ ಬರುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಅವನು ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು, ಗೂಡಿನಿಂದ ಕೈವಾರ ತೆಗೆದು ತಟ್ಟೆಯ ಮೇಲೆ ಬಗ್ಗಿದ. “ನಾನೇ ಗೀಚಿ ನೋಡ್ಕಂತೀನಿ, ನೀ ಓಗು” ಎಂದ. ಆ ಶೆಡ್ಡಿನಲ್ಲಿ ನಾನು ಇನ್ನೂ ಐದು ವರ್ಷ ಇದ್ದೆ. ನಾನು ಕೊಟ್ಟ ಒಂದು ಪಟ್ಟಿಯನ್ನೂ ಅವನು ಗೀಚಿ ನೋಡದೆ ಕೊರೆಯಲಿಲ್ಲ.